ಅಣುಗಳ ಅನ್ಯೋನ್ಯಾಶ್ರಯ

ಕೃಷ್ಣರಾಜಪೇಟೆಗೆ ಸಮೀಪದ ಹೊಸಹೊಳಲಿನಲ್ಲಿ 13ನೆಯ ಶತಮಾನದ ಹೊಯ್ಸಳ ಶಿಲ್ಪಿಗಳು ಲಕ್ಷ್ಮೀನಾರಾಯಣನ ಗುಡಿಯ ಭಿತ್ತಿಯ ಮೇಲೆ ಆನೆ ಕುದುರೆಗಳ ಸಾಲನ್ನೂ ಲತಾಪಟ್ಟಿಕೆಯನ್ನೂ ರಾಮಾಯಣ ಭಾರತಗಳ ಪ್ರಸಂಗಗಳನ್ನೂ ಅಷ್ಟೊಂದು ನವುರಾಗಿ ಕಡೆದಿಡಲು ಶಕ್ತರಾದುದಕ್ಕೆ ಅವರ ಹಸ್ತಕೌಶಲವು ಒಂದು ಕಾರಣವಾದರೆ, ಅವರು ಆರಿಸಿಕೊಂಡ ಬಳಪದ ಕಲ್ಲಿನ ಮೃದುತ್ವವು ಇನ್ನೊಂದು ಕಾರಣ. ಈ ಕಲ್ಲು ಹುಟ್ಟುವಾಗಲೇ ಮೃದುವಾಗಿದ್ದುದಲ್ಲ. ಭೂಗರ್ಭದಿಂದ ಉಕ್ಕಿ ಬಂದ, ಮೆಗ್ನೀಸಿಯಂ ಮತ್ತು ಕಬ್ಬಿಣಗಳಿಂದ ಸಮೃದ್ಧವಾದ ಕರಿಯ ಶಿಲೆಯು ಬಿಸಿನೀರಿನ ದೀರ್ಘ ಸಂಸರ್ಗಕ್ಕೆ ಒಳಗಾದಾಗ, ಅದರಲ್ಲಿನ ಆಲಿವೀನ್ ಎಂಬ ಹಸಿರು ಖನಿಜವು ನೀರನ್ನು ತನ್ನೊಳಕ್ಕೆ ಎಳೆದುಕೊಂಡು ಸರ್ಪೆಂಟೀನ್ ಆಗಿ ಮಾರ್ಪಡುತ್ತದೆ. ಮುಂದೆ ಇಂಗಾಲದ ಡೈಆಕ್ಸೈಡ್ ಬೆರೆತ ನೀರು ಹರಿದಲ್ಲಿ ಅದೇ ಬಳಪವಾಗಿಯೂ ಮ್ಯಾಗ್ನಸೈಟಾಗಿಯೂ ಪರಿಣಮಿಸುತ್ತದೆ. ಈ ಮಾರ್ಪಾಟಿನ ನಡುವೆ, ಕಲ್ಲಿನೊಳಗಿನ ಕಬ್ಬಿಣವು ನೀರಿನ ಆಮ್ಲಜನಕವನ್ನು ತಾನು ಹಿಡಿದುಕೊಂಡು ಜಲಜನಕವನ್ನು ಬಿಡುಗಡೆ ಮಾಡುತ್ತದೆಂಬ ಸಂಗತಿಯು ಶಿಲ್ಪಿಗಳಿಗೆ ಬೇಕಾದುದಾಗಿರಲಿಲ್ಲ. ಭೂಮಿಯ ಮೇಲೆ ಜೀವವು ಮೊದಲು ಹೇಗೆ ತಲೆದೋರಿತೆಂದು ಕೇಳುವವರಿಗಾದರೋ ಅದು ಅತ್ಯಂತ ಬೇಕಾದ ಸಂಗತಿ. ಏಕೆಂದರೆ ಜಲಜನಕವು ರಾಸಾಯನಿಕ ಶಕ್ತಿಯ ನಿಧಿ, ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಸಾವಯವ ಪದಾರ್ಥಗಳನ್ನು ನಿರ್ಮಿಸಬಲ್ಲ ವಸ್ತು.

ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳವರೆಗೆ ನಾವು ಉತ್ತು ಬಿತ್ತಿ ನಡೆದಾಡುವ ನೆಲದ ಕೆಳಗೆ ಹಾಸಿರುವುದು, ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಸ್ಮೀತ್ ಅವರು ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟ, ಬಿಳಿ ಬೂದು ಪಟ್ಟೆಗಳ ಶಿಲೆ. ಅದರ ವಯಸ್ಸು 300 ಕೋಟಿ ವರ್ಷಗಳ ಆಚೀಚೆ. ಅದರೊಳಗೆ ಅಲ್ಲಲ್ಲಿ ಹುದುಗಿಕೊಂಡಿರುವ ಕರಿಯ ಶಿಲಾಪಟ್ಟಿಗಳು ಇನ್ನೂ ಪುರಾತನವಾದುವು. ನಾಗಮಂಗಲದ ಎಲ್ಲೆಯಾಚೆಯ ಬಾಣಸಂದ್ರದಲ್ಲಿಯೂ ಕೃಷ್ಣರಾಜಪೇಟೆಯ ಎಲ್ಲೆಯಾಚೆಯ ನುಗ್ಗೇಹಳ್ಳಿಯಲ್ಲಿಯೂ ದೊರೆಯುವ ಕೊಮಟೈಟ್ ಎಂಬ ಲಾವಾಶಿಲೆಯು ಸುಮಾರು 335 ಕೋಟಿ ವರ್ಷಗಳ ಹಿಂದಿನದು. ಇಂದಿನ ಯಾವ ಜ್ವಾಲಾಮುಖಿಯೂ ಉಗುಳಲಾರದ ಸುಮಾರು 1600 ಡಿಗ್ರಿ ಉಷ್ಣತೆಯಲ್ಲಿ ಅದು ಹರಿದು ಬಂದಿತು. ಹೊಳೆನರಸೀಪುರದ ಪಟ್ಟಿಯಲ್ಲಿ ಸಿಕ್ಕಿರುವ ಕೆಲವು ಜಿರ್ಕಾನ್ ಕಣಗಳ ಪ್ರಾಯವಂತೂ 350 ಕೋಟಿ ವರ್ಷಗಳನ್ನು ಮೀರಿದುದು. ಇಷ್ಟಾದರೂ ಜೀವದ ಜನ್ಮಭೂಮಿಯು ನಮ್ಮ ಸೀಮೆಯೇ ಎಂದು ಹೆಮ್ಮೆಪಡುವುದಕ್ಕೆ ಆಸ್ಪದವಿಲ್ಲ. ಪಶ್ಚಿಮ ಆಸ್ಟ್ರೇಲಿಯದ ಪಿಲ್ಬಾರಾದಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟುಗಳು ಸುಮಾರು 348 ಕೋಟಿ ವರ್ಷಗಳ ಹಿಂದೆಯೇ ಉಂಟಾಗಿದ್ದುವು, ಆ ಸೂಕ್ಷ್ಮಜೀವಿಗಳಾದರೂ ಅದಾಗಲೇ ಬಹುದೂರ ವಿಕಾಸ ಹೊಂದಿದವು. ಆದುದರಿಂದ ನಮ್ಮ ಬಂಡೆಗಳನ್ನು ಜೀವೋದಯದ ಪ್ರತ್ಯಕ್ಷ ಸಾಕ್ಷಿಗಳೆಂದು ಕರೆಯಲಾಗದು. ಜೀವವು ಉದಯಿಸಿದ ಲೋಕವು ಯಾವ ಬಗೆಯದಾಗಿತ್ತು, ಅಲ್ಲಿನ ಕಲ್ಲು ನೀರುಗಳು ಪರಸ್ಪರ ಏನು ಮಾಡುತ್ತಿದ್ದುವು ಎಂಬುದನ್ನು ಮಾತ್ರ ಅವು ಬಲ್ಲವು. ಅಟ್ಲಾಂಟಿಕ್ ಸಾಗರದ ತಳದಲ್ಲಿ 2000ದಲ್ಲಿ ಕಂಡುಬಂದ, ಲಾಸ್ಟ್ ಸಿಟಿ ಎಂದು ಹೆಸರಾದ ಬಿಸಿನೀರ ಬುಗ್ಗೆಗಳಲ್ಲಿ, ಹೊಸಹೊಳಲಿನ ಕಲ್ಲಿನ ಪೂರ್ವಚರಿತ್ರೆಯಲ್ಲಿ ನಡೆದಂಥ ಕ್ರಿಯೆಯೇ ಇಂದಿಗೂ ಜಲಜನಕವನ್ನು ಹೊರಚೆಲ್ಲುತ್ತ ನಡೆದಿದೆ.

ಶಕ್ತಿಯಿದ್ದ ಮಾತ್ರಕ್ಕೆ ಜೀವವಾಗಲಿಲ್ಲ. ಜೀವಕ್ಕೂ ಜಡಕ್ಕೂ ಇರುವ ಭೇದವನ್ನು ಹುಡುಕುತ್ತ ಹೋದವರು ಕೊನೆಗೆ ಬಂದು ನಿಂತುದು ಪ್ರತಿಕೃತಿಯ ಪ್ರಶ್ನೆಯ ಮುಂದೆ. ಜೀವಿಯು ತನ್ನಂತೆಯೇ ಇರುವ ಇನ್ನೊಂದನ್ನು ಮಾಡುತ್ತದೆ. ಹಾಗಾದರೆ ಜೀವಿಯೇ ಇಲ್ಲದ ಕಾಲದಲ್ಲಿ ತನ್ನಂತೆಯೇ ಇರುವ ಇನ್ನೊಂದನ್ನು ಮಾಡಬಲ್ಲ ಅಣುವೊಂದು ಇದ್ದಿತೆ? ಇದು ಅಸಂಭವವೆಂದು ಭಾವಿಸುವವರು ಮಂಡ್ಯದ ಸಕ್ಕರೆ ಕಾರ್ಖಾನೆಯ ಕುದಿಪಾತ್ರೆಯನ್ನು ಒಮ್ಮೆ ನೆನೆಯಬಹುದು. ಅಲ್ಲಿ ಗಟ್ಟಿಯಾಗಿ ಇಂಗಿಸಿದ ಕಬ್ಬಿನ ಪಾಕಕ್ಕೆ ಸಕ್ಕರೆಯ ಅತಿಸೂಕ್ಷ್ಮ ಹರಳುಗಳನ್ನು ಬೀಜವಾಗಿ ಹಾಕುತ್ತಾರೆ. ಪಾಕದಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುತ್ತಿದ್ದ ಸಕ್ಕರೆಯ ಅಣುಗಳು ಆ ಹರಳಿನ ಮುಖಗಳ ಮೇಲೆ, ಅದರಲ್ಲಿ ಮೊದಲೇ ಇರುವ ವಿನ್ಯಾಸಕ್ಕೆ ಅನುಸಾರವಾಗಿಯೇ ಬಂದು ಕೂಡುತ್ತವೆ. ಹರಳು ಒಡೆದರೆ ಒಂದೊಂದು ಚೂರೂ ಮತ್ತೊಂದು ಬೀಜ. ವಿನ್ಯಾಸವು ತನ್ನನ್ನು ತಾನು ಹಬ್ಬಿಸಿಕೊಳ್ಳುವುದು ಜಡಪದಾರ್ಥದಲ್ಲಿಯೂ ಸಾಧ್ಯವೆಂಬುದಕ್ಕೆ ಇಷ್ಟು ಸಾಕು. ಆದರೆ ಸಕ್ಕರೆಯ ಹರಳಿಗೆ ಹೇಳಲು ಇರುವುದು ಒಂದೇ ಮಾತು, ಅದನ್ನೇ ಅದು ಕೋಟಿ ಸಲ ಹೇಳುತ್ತದೆ. ಒಂದು ಹರಳಿಗೂ ಇನ್ನೊಂದಕ್ಕೂ ವಂಶಪಾರಂಪರ್ಯವಾಗಿ ಸಾಗಿ ಬರಬಲ್ಲ ಭೇದವಿಲ್ಲದಿರುವುದರಿಂದ ಅಲ್ಲಿ ಆಯ್ಕೆಗೆ ಎಡೆಯಿಲ್ಲ, ಆಯ್ಕೆಯಿಲ್ಲದಲ್ಲಿ ವಿಕಾಸವಿಲ್ಲ. ಭೌತವಿಜ್ಞಾನಿ ಶ್ರೋಡಿಂಗರ್ 1943ರಲ್ಲಿ ಡಬ್ಲಿನ್ನಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಈ ಮರ್ಮವನ್ನು ಗ್ರಹಿಸಿ, ಅನುವಂಶೀಯತೆಯನ್ನು ಹೊತ್ತ ವಸ್ತುವು ಹರಳಿನಂತೆ ಸ್ಥಿರವಾಗಿಯೂ ಹರಳಿನಂತೆ ಪುನರಾವರ್ತನೆಯಾಗದೆಯೂ ಇರಬೇಕೆಂದು ತರ್ಕಿಸಿದನು. ಡಿಎನ್‌ಎಯ ರಚನೆಯು ತಿಳಿದುಬರುವುದಕ್ಕೆ ಆಗ ಇನ್ನೂ ಹತ್ತು ವರ್ಷಗಳಿದ್ದುವು.

ಸಕ್ಕರೆಯ ಮಾತು ಬಂದುದರಿಂದ ಅದರದೇ ಇನ್ನೊಂದು ಕಥೆಯನ್ನು ಇಲ್ಲಿಯೇ ಹೇಳಬೇಕು. ರಷ್ಯದ ಬಟ್ಲೆರೊವ್ 1861ರಲ್ಲಿ ಫಾರ್ಮಾಲ್ಡಿಹೈಡನ್ನು ಸುಣ್ಣದೊಡನೆ ಕಾಯಿಸಿದನು, ನಮ್ಮ ಆಲೆಮನೆಗಳಲ್ಲಿ ಕಬ್ಬಿನ ಹಾಲನ್ನು ತಿಳಿಗೊಳಿಸಲು ಬಳಸುವ ಅದೇ ಸುಣ್ಣ. ಬಹಳ ಹೊತ್ತು ಏನೂ ನಡೆಯಲಿಲ್ಲವೆಂಬಂತೆ ಇದ್ದು, ಬಳಿಕ ಒಮ್ಮಿಂದೊಮ್ಮೆಗೆ ವೇಗ ಹೆಚ್ಚಿ, ದ್ರಾವಣದಲ್ಲಿ ನಾನಾ ಬಗೆಯ ಸಕ್ಕರೆಗಳು ಮೈದೋರಿದುವು. ಈ ವಿಳಂಬಕ್ಕೂ ಅನಂತರದ ವೇಗಕ್ಕೂ ಕಾರಣವನ್ನು ಬ್ರೆಸ್ಲೋ ಎಂಬ ರಸಾಯನವಿಜ್ಞಾನಿ 1959ರಲ್ಲಿ ವಿವರಿಸಿದನು. ಗ್ಲೈಕಾಲ್ಡಿಹೈಡ್ ಎಂಬ ಪುಟ್ಟ ಅಣುವು ಒಂದಿಷ್ಟು ಹುಟ್ಟಿದ ಮೇಲೆ, ಅದು ಫಾರ್ಮಾಲ್ಡಿಹೈಡನ್ನು ಸೇರಿಸಿಕೊಂಡು ಬೆಳೆದು, ನಾಲ್ಕು ಇಂಗಾಲಗಳ ಸಕ್ಕರೆಯಾಗಿ, ಒಡೆದು ಎರಡು ಗ್ಲೈಕಾಲ್ಡಿಹೈಡುಗಳಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಕ್ರಿಯೆಯು ತನ್ನ ಫಲದಿಂದಲೇ ತಾನು ಪ್ರಚೋದನೆ ಪಡೆಯುತ್ತದೆ. ಕಿಣ್ವವಿಲ್ಲ, ಜೀವಕೋಶವಿಲ್ಲ, ಆದರೂ ಒಂದು ಅಣು ತನ್ನ ಸಂತತಿಯನ್ನು ಬೆಳೆಸುತ್ತದೆ. ನಮ್ಮ ದೇಹದ ಆರ್‌ಎನ್‌ಎಗೆ ಬೆನ್ನೆಲುಬಾಗಿರುವ ರೈಬೋಸ್ ಸಕ್ಕರೆಯೂ ಈ ಮಿಶ್ರಣದಲ್ಲಿ ಅಲ್ಪಸ್ವಲ್ಪ ಉಂಟು. ಕೊರತೆಯೇನೆಂದರೆ ಈ ಕ್ರಿಯೆಗೆ ಕಡಿವಾಣವಿಲ್ಲ. ತಡೆಯದೆ ಬಿಟ್ಟರೆ ಎಲ್ಲವೂ ಸೇರಿ ಕಂದುಬಣ್ಣದ ಟಾರಾಗಿ ಮುಗಿಯುತ್ತದೆ.

ಬಟ್ಲೆರೊವನ ಪ್ರಯೋಗವಾದ ಮೇಲೆ 1924ರಲ್ಲಿ ಒಪಾರಿನ್, 1929ರಲ್ಲಿ ಹಾಲ್ಡೇನ್ ಮಂಡಿಸಿದ ವಿಚಾರಗಳನ್ನೂ, 1953ರಲ್ಲಿ ಸ್ಟಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯ, ಜಲಜನಕ, ನೀರಾವಿಗಳ ಮಿಶ್ರಣದಲ್ಲಿ ವಿದ್ಯುತ್ ಕಿಡಿ ಹಾಯಿಸಿ ಅಮೈನೊ ಆಮ್ಲಗಳನ್ನು ಪಡೆದುದನ್ನೂ ಅನೇಕ ವಾಚಕರು ಶಾಲೆಯಲ್ಲಿಯೇ ಕೇಳಿರುತ್ತಾರೆ. ಇಟ್ಟಿಗೆಗಳು ದೊರೆತುವು, ಮನೆ ಕಟ್ಟುವವರು ದೊರೆಯಲಿಲ್ಲ. ಇಂದಿನ ಜೀವಕೋಶದಲ್ಲಿ ಡಿಎನ್‌ಎಯನ್ನು ಪ್ರತಿಮಾಡುವುದಕ್ಕೆ ಪ್ರೋಟೀನ್ ಬೇಕು, ಪ್ರೋಟೀನನ್ನು ಕಟ್ಟುವುದಕ್ಕೆ ಡಿಎನ್‌ಎಯ ಆದೇಶ ಬೇಕು, ಬೀಜವೃಕ್ಷನ್ಯಾಯವೆಂದರೆ ಇದೇ. ಈ ಗಂಟನ್ನು ಸಡಿಲಿಸಿದವರು ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್. ಟೆಟ್ರಾಹೈಮಿನ ಎಂಬ ಏಕಕೋಶಜೀವಿಯ ಆರ್‌ಎನ್‌ಎಯು ಯಾವ ಪ್ರೋಟೀನಿನ ನೆರವೂ ಇಲ್ಲದೆ ತನ್ನನ್ನು ತಾನೇ ಕತ್ತರಿಸಿ ಜೋಡಿಸಿಕೊಳ್ಳಬಲ್ಲುದೆಂದು ಚೆಕ್ 1982ರಲ್ಲಿ ತೋರಿಸಿದರು. ಮರುವರ್ಷ ಆಲ್ಟ್‌ಮನ್ನರ ತಂಡವು ಬ್ಯಾಕ್ಟೀರಿಯದ ಇನ್ನೊಂದು ಆರ್‌ಎನ್‌ಎಯಲ್ಲಿ ಕಿಣ್ವದ ಗುಣವನ್ನು ಕಂಡಿತು. ಆಜ್ಞೆಯನ್ನು ಹೊತ್ತ ಅಣುವೇ ಕೆಲಸವನ್ನೂ ಮಾಡಬಲ್ಲುದಾದರೆ, ಒಂದಾನೊಂದು ಕಾಲದಲ್ಲಿ ಅದೊಂದೇ ಸಾಕಾಗಿದ್ದಿರಬೇಕು. ವಾಲ್ಟರ್ ಗಿಲ್ಬರ್ಟ್ 1986ರಲ್ಲಿ ಈ ಕಲ್ಪನೆಗೆ ಆರ್‌ಎನ್‌ಎ ಲೋಕವೆಂಬ ಹೆಸರು ಕೊಟ್ಟನು. 2000ದಲ್ಲಿ ರೈಬೋಸೋಮಿನ ರಚನೆಯು ಬಿಡಿಬಿಡಿಯಾಗಿ ಗೋಚರಿಸಿದಾಗ, ನಮ್ಮ ಒಂದೊಂದು ಪ್ರೋಟೀನನ್ನೂ ಹೆಣೆಯುವ ಆ ಯಂತ್ರದ ಹೃದಯಸ್ಥಾನದಲ್ಲಿ ಕೆಲಸ ಮಾಡುತ್ತಿರುವುದು ಪ್ರೋಟೀನಲ್ಲ, ಆರ್‌ಎನ್‌ಎಯೇ ಎಂದು ತಿಳಿದುಬಂದಿತು. ಇದಕ್ಕಿಂತ ಬಲವಾದ ಪುರಾವೆ ಆರ್‌ಎನ್‌ಎ ಲೋಕಕ್ಕೆ ಇನ್ನೊಂದಿಲ್ಲವೆಂದು ನನ್ನ ಭಾವನೆ.

ಅದೇ 1986ರಲ್ಲಿ ಜರ್ಮನಿಯ ಗುಂಟರ್ ಫಾನ್ ಕೀಡ್ರೊವ್ಸ್ಕಿ ಎಂಬಾತನು ಆರು ಅಕ್ಷರಗಳ, ಎಂದರೆ ಆರು ನ್ಯೂಕ್ಲಿಯೋಟೈಡುಗಳ, ಒಂದು ಡಿಎನ್‌ಎ ತುಣುಕನ್ನು ತಯಾರಿಸಿ, ಅದು ಮೂರು ಮೂರು ಅಕ್ಷರಗಳ ಎರಡು ತುಂಡುಗಳನ್ನು ತನ್ನ ಮೈಗೆ ಅಂಟಿಸಿಕೊಂಡು, ಅವೆರಡನ್ನೂ ಬೆಸೆದು, ತನ್ನದೇ ಪ್ರತಿಯನ್ನು ಪಡೆಯುವಂತೆ ಮಾಡಿದನು. ಕಿಣ್ವದ ಸಹಾಯವಿಲ್ಲದೆ ತನ್ನನ್ನು ತಾನು ಪ್ರತಿಮಾಡಿಕೊಂಡ ಮೊದಲ ನ್ಯೂಕ್ಲಿಯಿಕ್ ಆಮ್ಲವೆಂದರೆ ಅದೇ. ಹತ್ತು ವರ್ಷಗಳ ಅನಂತರ ಗದಿರಿ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ 32 ಅಮೈನೊ ಆಮ್ಲಗಳ ಪುಟ್ಟ ಪೆಪ್ಟೈಡೊಂದು ಇದೇ ಸಾಧನೆಯನ್ನು ಮಾಡಿತು. ಆದರೆ ಈ ಪ್ರಯೋಗಗಳಲ್ಲಿ ಒಂದು ತೊಡಕು ಎದ್ದು ಕಂಡಿತು. ಮಾತೃಕೆಯೂ ಮಗುವೂ ಪರಸ್ಪರ ಎಷ್ಟು ಚೆನ್ನಾಗಿ ಹೊಂದಿಕೊಳ್ಳುವುವೋ ಅಷ್ಟು ಬಿಗಿಯಾಗಿ ಅಪ್ಪಿಕೊಂಡುಬಿಡುತ್ತವೆ. ಅಪ್ಪುಗೆ ಬಿಡದಿದ್ದರೆ ಮತ್ತೊಂದು ಪ್ರತಿಗೆ ಎಡೆಯಿಲ್ಲ. ಹೀಗಾಗಿ ಸಂತತಿಯು ಎರಡು ನಾಲ್ಕು ಎಂಟಾಗಿ ಏರದೆ, ಬರಬರುತ್ತ ನಿಧಾನವಾಗುತ್ತದೆ; ಬಲವುಳ್ಳದ್ದು ದುರ್ಬಲವಾದುದನ್ನು ಹಿಂದಿಕ್ಕುವ ಅವಕಾಶವೇ ಒದಗುವುದಿಲ್ಲ.

ಅಪ್ಪುಗೆಯನ್ನು ಬಿಡಿಸುವ ಉಪಾಯವು ಪ್ರಕೃತಿಯಲ್ಲಿ ಉಂಟು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ಪಾತ್ರದಲ್ಲಿ ಬಂಡೆಗಳ ನಡುವಿನ ಗುಂಡಿಗಳು ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಇಂಗುವುದನ್ನು ಯಾರೂ ನೋಡಬಹುದು. ಕುಂತಿಬೆಟ್ಟದ ಬಂಡೆಗಳ ಮೇಲಿನ ಸಣ್ಣ ನೀರುಹೊಂಡಗಳು ಒಂದೇ ವಾರದೊಳಗೆ ತುಂಬಿ ಬತ್ತುವುದೂ ಉಂಟು. ಆದಿಭೂಮಿಯಲ್ಲಿ ಇಂಥ ಹೊಂಡಗಳು ಜ್ವಾಲಾಮುಖಿಯ ತಪ್ಪಲಲ್ಲಿದ್ದು, ಹಗಲಿನ ಕಾವಿನಲ್ಲಿ ಒಣಗಿ, ರಾತ್ರಿಯ ತೇವದಲ್ಲಿ ನೆನೆದು, ಮತ್ತೆ ಒಣಗುತ್ತಿದ್ದುವೆಂದು ಭಾವಿಸಿದರೆ, ನೀರು ಇಂಗಿದಾಗ ಅಣುಗಳು ಒತ್ತಟ್ಟಿಗೆ ಬಂದು ಬೆಸೆದುಕೊಳ್ಳುವುದೂ ನೀರು ಕಾದು ತುಂಬಿದಾಗ ಜೋಡಿಗಳು ಬೇರ್ಪಡುವುದೂ ಸಹಜ. ಡಾರ್ವಿನ್ನನು 1871ರಲ್ಲಿ ಗೆಳೆಯ ಹೂಕರನಿಗೆ ಬರೆದ ಕಾಗದದಲ್ಲಿ ಊಹಿಸಿದ್ದು ಇಂಥ ಒಂದು ಬೆಚ್ಚನೆಯ ಪುಟ್ಟ ಹೊಂಡವನ್ನೇ. ಪುಣೆಯ ಐಸರ್ ಸಂಸ್ಥೆಯ ಸುಧಾ ರಾಜಾಮಣಿಯವರು ತಮ್ಮ ಸಂಶೋಧನೆಯ ಬಹುಭಾಗವನ್ನು ಇಂಥ ಹೊಂಡಗಳ ರಸಾಯನಕ್ರಿಯೆಗಾಗಿಯೇ ಮುಡಿಪಿಟ್ಟಿದ್ದಾರೆ. ಡೇವಿಡ್ ಡೀಮರ್ ಮೊದಲಾದವರೊಡನೆ ಸೇರಿ ಅವರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊಬ್ಬಿನಂಥ ಲಿಪಿಡ್ ಪದಾರ್ಥದ ಪದರಗಳ ನಡುವೆ ನ್ಯೂಕ್ಲಿಯೋಟೈಡುಗಳನ್ನು ಸಿಕ್ಕಿಸಿ ಒಣಗಿಸುತ್ತ ನೆನೆಸುತ್ತ ಹೋದಾಗ ಆರ್‌ಎನ್‌ಎಯಂಥ ಸರಪಳಿಗಳು ಉಂಟಾದುವು. ಆ ಸರಪಳಿಗಳ ಬಗೆಗೆ ಪುಣೆಯಲ್ಲಿ ನಡೆದ ಮುಂದಿನ ಪರೀಕ್ಷೆಯು ಕಠೋರವಾದ ಸತ್ಯವೊಂದನ್ನು ತೋರಿತು. ಕಾವಿಗೂ ಆಮ್ಲತೆಗೂ ಸಿಕ್ಕಿ ಸರಪಳಿಯ ಬೆನ್ನೆಲುಬು ಉಳಿದರೂ ಅದರ ಮೇಲಿನ ಅಕ್ಷರಗಳು ಬಹಳಷ್ಟು ಕಳಚಿಹೋಗಿದ್ದುವು. ತಮ್ಮ ಕೈಯ ಫಲವನ್ನೇ ಹೀಗೆ ನಿಷ್ಠುರವಾಗಿ ಒರೆಗೆ ಹಚ್ಚಿ, ಕಂಡುದನ್ನು ಕಂಡಂತೆ ಪ್ರಕಟಿಸಿದ ಈ ಪ್ರಾಮಾಣಿಕತೆಯನ್ನು ನಾನು ಬಹಳವಾಗಿ ಗೌರವಿಸುತ್ತೇನೆ.

ಪ್ರತಿಯಾಗುವುದೇ ಸಾಕೆ? 1967ರಲ್ಲಿ ಸ್ಪೀಗಲ್‌ಮನ್ ಒಂದು ವೈರಸ್ಸಿನ ಆರ್‌ಎನ್‌ಎಯನ್ನು ಅದರ ಕಿಣ್ವದೊಡನೆ ಪ್ರನಾಳದಲ್ಲಿಟ್ಟು, ಪ್ರತಿಗಳಾದಂತೆಲ್ಲ ಒಂದಿಷ್ಟನ್ನು ಹೊಸ ಪ್ರನಾಳಕ್ಕೆ ವರ್ಗಾಯಿಸುತ್ತ ಹೋದನು. 74ನೆಯ ವರ್ಗಾವಣೆಯ ಹೊತ್ತಿಗೆ ಆ ಆರ್‌ಎನ್‌ಎ ತನ್ನ ಮೂಲದೈರ್ಘ್ಯದ ಶೇಕಡ 83ರಷ್ಟನ್ನು ಕಳೆದುಕೊಂಡಿತ್ತು. ಬೇಗ ಬೇಗ ಪ್ರತಿಯಾಗುವುದೊಂದೇ ಅಲ್ಲಿ ಜಯದ ದಾರಿಯಾಗಿದ್ದುದರಿಂದ, ಬೇರೆ ಎಲ್ಲ ಗುಣಗಳನ್ನೂ ತ್ಯಜಿಸಿದ ತುಂಡು ಅಣುವೇ ಗೆದ್ದಿತು. ಮ್ಯಾನ್‌ಫ್ರೆಡ್ ಐಗನ್ 1971ರಲ್ಲಿ ಇನ್ನೊಂದು ತಡೆಯನ್ನು ಗಣಿತದಿಂದ ತೋರಿಸಿದನು. ಪ್ರತಿಮಾಡುವಾಗ ನೂರಕ್ಕೆ ಒಂದು ಅಕ್ಷರ ತಪ್ಪುವುದಾದರೆ ಸುಮಾರು ನೂರು ಅಕ್ಷರಗಳಿಗಿಂತ ಉದ್ದದ ಸಂದೇಶವು ತಲೆಮಾರುಗಳ ಮೂಲಕ ಉಳಿಯಲಾರದು. ತಪ್ಪನ್ನು ಕಡಮೆ ಮಾಡಬಲ್ಲ ಕಿಣ್ವವನ್ನು ಕಟ್ಟುವುದಕ್ಕೆ ಅದಕ್ಕಿಂತಲೂ ಉದ್ದದ ಸಂದೇಶ ಬೇಕು. ಉದ್ದಕ್ಕೆ ನಿಷ್ಠೆ ಬೇಕು, ನಿಷ್ಠೆಗೆ ಉದ್ದ ಬೇಕು. ಹಾರ್ವರ್ಡಿನಲ್ಲಿ ಐರೀನ್ ಚೆನ್ ಅವರೊಡನೆ ರಾಜಾಮಣಿಯವರು 2010ರಲ್ಲಿ ಪ್ರಕಟಿಸಿದ ಫಲಿತಾಂಶವು ಇಲ್ಲಿ ಸ್ವಲ್ಪ ಸಮಾಧಾನವನ್ನು ತರುತ್ತದೆ. ಕಿಣ್ವವಿಲ್ಲದ ಪ್ರತೀಕರಣದಲ್ಲಿ ತಪ್ಪು ಅಕ್ಷರ ಸೇರಿದೊಡನೆ ಮುಂದಿನ ಅಕ್ಷರದ ಸೇರ್ಪಡೆ ಬಹುವಾಗಿ ತಡವಾಗುತ್ತದೆ. ದೋಷಯುಕ್ತವಾದ ಪ್ರತಿಯು ಹಿಂದೆ ಬೀಳುತ್ತದೆ, ಶುದ್ಧಪ್ರತಿಯು ಮೊದಲು ಮುಗಿಯುತ್ತದೆ. ಐಗನ್ ಹಾಕಿದ ಗೆರೆಯು ಇದರಿಂದ ಸ್ವಲ್ಪ ಹಿಂದೆ ಸರಿದರೂ ಅಳಿಸಿಹೋಗುವುದಿಲ್ಲ.

ಹೀಗೆ ಒಂಟಿಯಾದ ಒಂದು ಅಣುವಿನ ಮೇಲೆಯೇ ಜೀವೋದಯದ ಸಮಸ್ತ ಭಾರವನ್ನೂ ಹೊರಿಸಿದರೆ ಅದು ಕುಸಿಯುತ್ತದೆ. ಈ ಸಂದರ್ಭದಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಒಂದು ಕೆಲಸವು, ಕನ್ನಡದಲ್ಲಿ ಅದಕ್ಕೆ ಸಲ್ಲಬೇಕಾದಷ್ಟು ಪ್ರಚಾರ ದೊರೆಯದೆ ಉಳಿದಿದ್ದರೂ, ನನ್ನ ಮನಸ್ಸನ್ನು ಬಹಳವಾಗಿ ಸೆಳೆದುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಂಜಯ್ ಜೈನ್ ಮತ್ತು ಸಂದೀಪ್ ಕೃಷ್ಣ ಎಂಬಿಬ್ಬರು 1998ರಿಂದ ಮೊದಲ್ಗೊಂಡು ಪ್ರಕಟಿಸಿದ ಲೇಖನಗಳಲ್ಲಿ, ಆದಿಕಾಲದ ಒಂದು ಹೊಂಡವನ್ನು ಗಣಕಯಂತ್ರದೊಳಗೆ ಕಲ್ಪಿಸಿದರು. ಹೊಂಡದಲ್ಲಿ 100 ಬಗೆಯ ಅಣುಗಳು. ಯಾವ ಬಗೆಯು ಯಾವುದರ ಉತ್ಪಾದನೆಗೆ ನೆರವಾಗುವುದೆಂಬುದು ಕೇವಲ ಆಕಸ್ಮಿಕ. ಯಾವ ಅಣುವೂ ತನಗೆ ತಾನೇ ನೆರವಾಗಕೂಡದೆಂದು ಅವರು ನಿಯಮ ಹಾಕಿದರು. ಎಂದರೆ ತನ್ನನ್ನು ತಾನೇ ಪ್ರತಿಮಾಡಿಕೊಳ್ಳುವ ಒಂಟಿ ಅಣುವನ್ನು ಬೇಕೆಂದೇ ಹೊರಗಿಟ್ಟರು. ಬಳಿಕ ಒಂದೊಂದು ಸುತ್ತಿನಲ್ಲಿಯೂ ಸಂಖ್ಯೆಯಲ್ಲಿ ಅತ್ಯಂತ ಕೃಶವಾದ ಬಗೆಯೊಂದು ಕೊಚ್ಚಿಹೋಗಿ, ಅದರ ಸ್ಥಾನಕ್ಕೆ ಹೊಸದೊಂದು, ಹೊಸ ಆಕಸ್ಮಿಕ ಸಂಬಂಧಗಳೊಡನೆ, ಬಂದು ಸೇರುವುದು. ಮಳೆ ಬಂದು ಹೊಂಡದಿಂದ ಒಂದಿಷ್ಟು ಕೊಚ್ಚಿ, ಮತ್ತೊಂದಿಷ್ಟನ್ನು ತಂದು ಸೇರಿಸುವುದಕ್ಕೆ ಇದು ಪ್ರತಿರೂಪ.

ಬಹುಕಾಲದವರೆಗೆ ಹೊಂಡದಲ್ಲಿ ಹೇಳಿಕೊಳ್ಳುವಂಥದು ಏನೂ ನಡೆಯುವುದಿಲ್ಲ. ಒಂದು ಅಣು ಇನ್ನೊಂದಕ್ಕೆ ನೆರವಾಗುತ್ತದೆ, ಅದು ಮತ್ತೊಂದಕ್ಕೆ. ಸರಪಳಿಯ ತುದಿ ಎಲ್ಲಿಯೋ ಕಡಿದುಹೋಗುತ್ತದೆ. ಆದರೆ ಎಂದೋ ಒಂದು ದಿನ, ಹೊಸದಾಗಿ ಬಂದ ಅಣುವಿನ ಸಂಬಂಧವು ಸರಪಳಿಯ ತುದಿಯನ್ನು ಮೊದಲಿಗೆ ಕೂಡಿಸಿಬಿಡುತ್ತದೆ. ಈಗ ಒಂದರಿಂದ ಎರಡನೆಯದಕ್ಕೆ, ಎರಡನೆಯದರಿಂದ ಒಂದಕ್ಕೆ ನೆರವು. ಯಾವೊಂದೂ ಪ್ರತ್ಯೇಕವಾಗಿ ತನ್ನನ್ನು ಪ್ರತಿಮಾಡಿಕೊಳ್ಳದಿದ್ದರೂ ಗುಂಪು ಒಟ್ಟಾಗಿ ತನ್ನನ್ನು ಪ್ರತಿಮಾಡಿಕೊಳ್ಳತೊಡಗುತ್ತದೆ. ಆ ಕ್ಷಣದಿಂದ ಹೊಂಡದ ಚರಿತ್ರೆಯೇ ಬೇರೆ. ಗುಂಪಿನಲ್ಲಿರುವ ಅಣುಗಳು ಹೆಚ್ಚುತ್ತವೆ, ಹೊರಗಿನವು ಕೃಶವಾಗಿ ಕೊಚ್ಚಿಹೋಗುತ್ತವೆ, ಅವುಗಳ ಸ್ಥಾನಕ್ಕೆ ಬಂದವುಗಳಲ್ಲಿ ಗುಂಪಿನಿಂದ ನೆರವು ಪಡೆದವು ಮಾತ್ರ ನಿಲ್ಲುತ್ತವೆ. ಈ ಸಂಬಂಧಗಳ ಬಲೆಯು ಹೆಚ್ಚು ಹೆಚ್ಚು ವೇಗವಾಗಿ ಹರಡಿ ಹೊಂಡವನ್ನೆಲ್ಲ ಆವರಿಸುತ್ತದೆ. ನೆರವಿನ ಸಂಬಂಧಗಳು ಎಷ್ಟೇ ವಿರಳವಾಗಿರಲಿ, ಕಾಯಬೇಕಾದ ಕಾಲ ಉದ್ದವಾದೀತೇ ಹೊರತು ಇಂಥ ವರ್ತುಲವೊಂದು ಮೂಡದೆ ಇರದು. ಮೇಲುಕೋಟೆಯ ತರ್ಕವಿದ್ವಾಂಸರು ಅನ್ಯೋನ್ಯಾಶ್ರಯವನ್ನು ವಾದದ ದೋಷಗಳಲ್ಲಿ ಎಣಿಸುತ್ತಾರೆ. ಇದರಿಂದ ಅದು ಸಿದ್ಧ, ಅದರಿಂದ ಇದು ಸಿದ್ಧ ಎಂದವನ ವಾದ ನಿಲ್ಲದು. ವಾದದಲ್ಲಿ ಅದು ದೋಷವೇ ಸರಿ. ಕಾಲದಲ್ಲಿ ನಡೆಯುವ ರಸಾಯನಕ್ರಿಯೆಗೆ ಮಾತ್ರ, ಆಕಸ್ಮಿಕವಾಗಿ ಒಮ್ಮೆ ಕೂಡಿಕೊಂಡ ಅನ್ಯೋನ್ಯಾಶ್ರಯವು ತನ್ನನ್ನು ತಾನೇ ಎತ್ತಿ ಹಿಡಿಯುವ ಆಧಾರವಾಗುತ್ತದೆ.

ಈ ಗಣಕದ ಹೊಂಡದಲ್ಲಿ ಪ್ರಳಯವೂ ಉಂಟು. ಬಲೆಯು ಹೊಂಡವನ್ನೆಲ್ಲ ತುಂಬಿದ ಮೇಲೆ, ಹೊರಗಿನ ಸ್ಪರ್ಧಿಗಳಿಲ್ಲದಿರುವಲ್ಲಿ, ಬಲೆಯ ಒಳಗಿನವೇ ಪರಸ್ಪರ ಸ್ಪರ್ಧಿಸತೊಡಗುತ್ತವೆ. ಕೇಂದ್ರದ ವರ್ತುಲಕ್ಕೆ ಕೀಲಾಗಿದ್ದ ಒಂದು ಅಣು ಕೃಶವಾಗಿ ಕಳೆದುಹೋದರೆ, ಅಥವಾ ಹೊಸಬನೊಬ್ಬನು ಬೇರೊಂದು ಬಲವಾದ ವರ್ತುಲವನ್ನು ಕಟ್ಟಿದರೆ, ಹಳೆಯ ಬಲೆಯು ಒಮ್ಮೆಗೇ ಹರಿದುಬೀಳುತ್ತದೆ. ಜೈನ್ ಮತ್ತು ಕೃಷ್ಣ 2002ರ ಲೇಖನದಲ್ಲಿ ಈ ಸಾಮೂಹಿಕ ವಿನಾಶಗಳನ್ನೇ ವಿವೇಚಿಸಿದ್ದಾರೆ.

ಗಣಕದಲ್ಲಿ ಕಂಡುದು ಪ್ರನಾಳದಲ್ಲಿ ಕಾಣುವುದೆ? ಅಮೆರಿಕದ ಪೋರ್ಟ್‌ಲೆಂಡಿನ ನೈಲ್ಸ್ ಲೇಮನ್ನರ ತಂಡವು ಅಜೊಆರ್ಕಸ್ ಎಂಬ ಬ್ಯಾಕ್ಟೀರಿಯದಿಂದ ಪಡೆದ ಸುಮಾರು 200 ಅಕ್ಷರಗಳ ಆರ್‌ಎನ್‌ಎಯನ್ನು ತುಂಡುಮಾಡಿ, ತುಂಡುಗಳು ತಾವೇ ಕೂಡಿಕೊಂಡು ಕೆಲಸ ಮಾಡುವ ಅಣುಗಳಾಗುವಂತೆ ಏರ್ಪಡಿಸಿತು. ಕೆಲವು ಅಣುಗಳು ತಮ್ಮನ್ನು ಮಾತ್ರ ಕಟ್ಟಿಕೊಳ್ಳುವ ಸ್ವಾರ್ಥಿಗಳು. ಮತ್ತೆ ಕೆಲವು ಮೂರು ಸೇರಿ, ಒಂದು ಇನ್ನೊಂದನ್ನು ಕಟ್ಟುತ್ತ, ವರ್ತುಲವಾಗಿ ನಡೆಯುವ ಸಹಕಾರಿಗಳು. ಇವೆರಡನ್ನೂ ಒಂದೇ ಪ್ರನಾಳದಲ್ಲಿ ಬಿಟ್ಟಾಗ ಸಹಕಾರಿಗಳ ಬಲೆಯು ಸ್ವಾರ್ಥಿಗಳನ್ನು ಹಿಂದಿಕ್ಕಿತೆಂದು 2012ರಲ್ಲಿ ವರದಿಯಾಯಿತು. ಆದರೂ ಇದಕ್ಕೆ ಮೊದಲೇ ಎದ್ದಿದ್ದ ಆಕ್ಷೇಪವೊಂದು ಹಾಗೆಯೇ ಉಳಿದಿತ್ತು. ಬಲೆಯು ಬೆಳೆಯಬಲ್ಲುದು ನಿಜ, ಆದರೆ ಅದಕ್ಕೆ ವಂಶಗುಣವೆಲ್ಲಿ, ಒಂದು ಬಲೆಯ ವಿಶೇಷವು ಅದರ ಸಂತತಿಗೆ ಸಾಗದಿದ್ದರೆ ಸಕ್ಕರೆಯ ಹರಳಿಗಿಂತ ಅದು ಮೇಲೆನ್ನಲು ಆಧಾರವೇನು, ಎಂದು ಹಂಗೇರಿಯ ಸಾತ್ಮಾರಿ ಮತ್ತು ಸಂಗಡಿಗರು 2010ರಷ್ಟು ಹಿಂದೆಯೇ ಆಕ್ಷೇಪಿಸಿದ್ದರು. ಆಕ್ಷೇಪವು ನ್ಯಾಯವಾದುದು.

ಉತ್ತರವನ್ನು ಹುಡುಕುವ ಕಾರ್ಯದಲ್ಲಿ ಬೆಂಗಳೂರು ಮತ್ತೆ ಪಾಲುಗೊಂಡಿತು. ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಸೇರಿದ್ದ ಸಂದೀಪ್ ಅಮೇಟಾ ಅವರೂ, ಪ್ಯಾರಿಸ್ಸಿನ ಫಿಲಿಪ್ ನ್ಗೆ ಮತ್ತು ಆಂಡ್ರ್ಯೂ ಗ್ರಿಫಿತ್ಸ್ ಮೊದಲಾದವರೂ ಕೂಡಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಣ್ಣೆಯಲ್ಲಿ ತೇಲುವ ಅತಿಸೂಕ್ಷ್ಮ ನೀರಹನಿಗಳೊಳಗೆ ಅದೇ ಅಜೊಆರ್ಕಸ್ ತುಂಡುಗಳನ್ನು ಬೇರೆ ಬೇರೆ ಬಗೆಯಾಗಿ ಬೆರೆಸಿ, ಸಾವಿರಾರು ಬಲೆಗಳನ್ನು ಏಕಕಾಲದಲ್ಲಿ ನಿರ್ಮಿಸಿ, ಒಂದೊಂದು ಹನಿಯಲ್ಲಿಯೂ ಯಾವ ಆರ್‌ಎನ್‌ಎ ಎಷ್ಟು ಹುಟ್ಟಿತೆಂದು ಎಣಿಸಿ ನೋಡಿದರು. ಸಂಬಂಧಗಳು ದಟ್ಟವಾಗಿರುವ ಬಲೆಗಳು ಬೇಗ ಬೆಳೆಯುತ್ತವೆ, ತಮ್ಮ ಸ್ವರೂಪವನ್ನು ಹಿಡಿದಿಟ್ಟುಕೊಳ್ಳುತ್ತವೆ, ಆದರೆ ಹೊಸ ಕ್ರಿಯಾವರ್ಧಕವೊಂದು ಬಂದು ಸೇರಿದರೂ ಅಷ್ಟಾಗಿ ಬದಲಾಗವು. ಸಂಬಂಧಗಳು ವಿರಳವಾಗಿರುವ ಬಲೆಗಳು ಹೊಸದೊಂದರ ಆಗಮನದಿಂದ ಬಹುವಾಗಿ ಮಾರ್ಪಡುತ್ತವೆ, ಆದರೆ ಅವುಗಳ ಬೆಳವಣಿಗೆ ಮಂದ. ವೈವಿಧ್ಯ, ಸಂತತಿ, ವಂಶಗುಣ ಎಂಬ ಡಾರ್ವಿನ್ನನ ಮೂರು ಅಂಗಗಳೂ ಜೀವವಿಲ್ಲದ ಹನಿಯಲ್ಲಿ ಅಳೆಯಲು ಸಿಕ್ಕಿದುವು, ಅವುಗಳಲ್ಲಿ ಒಂದನ್ನು ಹೆಚ್ಚಿಸಿಕೊಳ್ಳಲು ಇನ್ನೊಂದನ್ನು ಸ್ವಲ್ಪ ಬಿಟ್ಟುಕೊಡಬೇಕಾಗುವುದೆಂಬುದೂ ಸ್ಪಷ್ಟವಾಯಿತು. ಆ ಹನಿಗಳಲ್ಲಿ ತುಂಡುಗಳನ್ನು ಒದಗಿಸುವುದು ಇನ್ನೂ ಮನುಷ್ಯನ ಕೈ. ಸುಣ್ಣದಂಥ, ಸರ್ಪೆಂಟೀನಿನಂಥ ಖನಿಜಗಳೂ ಒಣಗಿ ನೆನೆಯುವ ನೀರೂ ಆ ಕೈಯ ಕೆಲಸವನ್ನು ವಹಿಸಿಕೊಂಡು, ಬಲೆಗೆ ಬೇಕಾದ ಆರ್‌ಎನ್‌ಎ ತುಂಡುಗಳನ್ನು ತಾವೇ ಪೂರೈಸಬಲ್ಲವೆ ಎಂಬುದೇ ಪ್ರಯೋಗಶಾಲೆಗಳ ಮುಂದೆ ಈಗಿರುವ ಕೆಲಸ.